ಅಳು ನಿಂತ ಹಲ್ಲು

ತುಂಗಮ್ಮನ ಹುಳುಕು ದವಡೆ ಹಲ್ಲಿಗೂ ಅವಳ ಮಸಾಲೆ ಡಬ್ಬಿಯ ಲವಂಗಕ್ಕೂ ಬಹಳ ಸಲಿಗೆ. ನೋವು ಎದ್ದಾಗಲೆಲ್ಲ ಹಲ್ಲು ಲವಂಗವನ್ನು ಕರೆಸಿಕೊಳ್ಳುತ್ತಿತ್ತು.

“ನನ್ನೊಳಗೆ ಕೂತು ಅಳುತ್ತಾನಲ್ಲ ಆ ನರ, ಅವನ ಬಾಯಿ ಮುಚ್ಚಿಸು,” ಎಂದಿತು ಹಲ್ಲು.

“ಮುಚ್ಚಿಸುತ್ತೇನೆ,” ಎಂದಿತು ಲವಂಗ. “ಆದರೆ ಮೊದಲು ಕಾಫಿ ತಾಗಿದಾಗ ಮಾತ್ರ ಅಳುತ್ತಿದ್ದ. ಈಗ ಕಾಫಿ ಕುಡಿದು ಎಷ್ಟೋ ಹೊತ್ತಾದರೂ ಅಳುತ್ತಾನೆ, ಯಾರೂ ಮುಟ್ಟದಿದ್ದರೂ ಅಳುತ್ತಾನೆ. ಹುಳುಕು ಅವನ ಕೋಣೆಗೇ ಇಳಿದಿದೆ. ಡಾಕ್ಟರು ಬೇರಿನವರೆಗೆ ಶುಚಿ ಮಾಡಿದರೆ ನೀನಾದರೂ ಉಳಿಯುತ್ತೀಯ.”

“ರೂಟ್ ಕೆನಾಲೇ? ಮಗಳ ಸೀಮಂತ ಮುಗಿಯಲಿ ಎಂದು ಯಜಮಾನಿಯೇ ಹೇಳಿದ್ದಾಳೆ. ನಿನ್ನನ್ನು ಕರೆಸಿದ್ದು ಬುದ್ಧಿ ಹೇಳುವುದಕ್ಕಲ್ಲ.”

ಲವಂಗ ತನ್ನ ಎಣ್ಣೆ ಬಿಟ್ಟು ನರವನ್ನು ಮಲಗಿಸಿತು.

ಸೀಮಂತದ ಬೆಳಗ್ಗೆ ನೋವು ಇದ್ದಕ್ಕಿದ್ದಂತೆ ಮಾಯವಾಗಿತ್ತು. “ಸದ್ಯ, ದೇವರು ಕಣ್ಣು ಬಿಟ್ಟ,” ಎಂದು ತುಂಗಮ್ಮ ಅದೇ ದವಡೆಯಲ್ಲಿ ಚಕ್ಕುಲಿ ಕಡಿದಳು. ಹಲ್ಲು ಹಿಗ್ಗಿ ಡಬ್ಬಿಯ ಕಡೆಗೆ ಕೂಗಿತು: “ಲವಂಗಣ್ಣ, ನಿನ್ನ ಮದ್ದು ಫಲಿಸಿತು!”

“ಇವತ್ತು ನಾನು ಡಬ್ಬಿಯಿಂದ ಹೊರಗೇ ಬಂದಿಲ್ಲ,” ಎಂದಿತು ಲವಂಗ. “ಒಳಗಿರುವವನನ್ನು ಒಮ್ಮೆ ಕರೆದು ನೋಡು.”

ಹಲ್ಲು ಕರೆಯಿತು. ಮತ್ತೆ ಕರೆಯಿತು. ಉತ್ತರ ಬರಲಿಲ್ಲ; ನರ ಸತ್ತುಹೋಗಿದ್ದ. ಬೇರಿನ ತುದಿಯಲ್ಲಿ ಕೀವು ಮಾತ್ರ ಸದ್ದಿಲ್ಲದೆ ಕಟ್ಟುತ್ತಿತ್ತು.

“ಅಮ್ಮಾ, ನಾಳೆಯಾದರೂ ಡಾಕ್ಟರ ಹತ್ತಿರ ಹೋಗೋಣವಾ?” ಎಂದು ಮಗಳು ಕೇಳಿದಳು.

“ನೋವೇ ಇಲ್ಲವಲ್ಲೇ, ಇನ್ಯಾಕೆ ಡಾಕ್ಟರು?” ಎಂದು ತುಂಗಮ್ಮ ಇನ್ನೊಂದು ಚಕ್ಕುಲಿ ಎತ್ತಿಕೊಂಡಳು.