ಹಾಲೇಶಪ್ಪನ ಸೋಡಾ ನೀರು

ಹೊಳೆ ದಂಡೆಯ ಒಂದೂರಲ್ಲಿ ಹಾಲೇಶಪ್ಪ ಅಂತ ಒಬ್ಬ ಗೋಲಿ ಸೋಡಾ ಮಾಡ್ತಿದ್ದ. ಗೋಲಿ ಒತ್ತಿದ್ರೆ ಕೀಂಯ್ ಅಂತ ಕೂಗಿ ಮೂಗಿಗೆ ಚಿಮ್ಮೋ ಸೋಡಾ ಅದು. ಮಕ್ಕಳೇ, ನೀವು ಅದನ್ನ ಕುಡಿದಿರಲಿಕ್ಕಿಲ್ಲ. ನಾವೂ ಕುಡಿದಿದ್ದಕ್ಕಿಂತ ಅಂಗಿ ಮೇಲೆ ಚೆಲ್ಕೊಂಡಿದ್ದೇ ಜಾಸ್ತಿ. ಆದ್ರೂ ಆ ರುಚಿ ಮತ್ತೆ ಸಿಗಲಿಲ್ಲ.

ಹಾಲೇಶಪ್ಪ ಒಳ್ಳೆಯವನೇ. ಕೈ ಮಾತ್ರ ಸುಮ್ನಿರ್ತಿರಲಿಲ್ಲ. ಗಾಯ ಆದ್ರೆ, ಮಾಯ್ತಾ ಇದೆಯಾ ಅಂತ ಹಕ್ಕಳೆ ಕಿತ್ತು ನೋಡೋನು. ಬೀಜ ಹಾಕಿದ್ರೆ ಮೂರನೇ ದಿನ ಅಗೆದು ನೋಡೋನು.

ಅವನಿಗೂ ಅವನ ಅಣ್ಣ ಮೈಲಾರಪ್ಪನಿಗೂ ಮೂರು ವರ್ಷದಿಂದ ಸರಿ ಇರಲಿಲ್ಲ. ಹಿರಿಯರ ಹಬ್ಬದಲ್ಲಿ, ತೀರಿಹೋದ ಅಪ್ಪನಿಗೆ ಎಡೆ ಇಡುವಾಗ ಶುರುವಾದ ಜಗಳ. ಅಪ್ಪನಿಗೆ ಹಾಗಲಕಾಯಿ ಇಷ್ಟ ಅಂತ ಅಣ್ಣ, ಬದನೆಕಾಯಿ ಅಂತ ತಮ್ಮ. ಕೇಳೋಣ ಅಂದ್ರೆ ಅಪ್ಪ ಇಲ್ಲ. ಅಷ್ಟಕ್ಕೇ ಬಿಟ್ಟಿದ್ರೆ ಮುಗೀತಿತ್ತು. ಹಾಲೇಶಪ್ಪ ಬಿಡಲಿಲ್ಲ. ಹಬ್ಬಹಬ್ಬಕ್ಕೂ ಅಣ್ಣನ ಮನೆಗೆ ರಾಜಿಗೆ ಅಂತ ಹೋಗಿ, "ಅವತ್ತು ನಿಜವಾಗಿ ಏನಾಯ್ತು ಅಂದ್ರೆ..." ಅಂತ ಶುರುಮಾಡೋನು. ಬರುವಾಗ ಹೊಸ ಜಗಳ ಹೊತ್ಕೊಂಡು ಬರೋನು.

ಒಂದು ಶ್ರಾವಣದಲ್ಲಿ ಅಣ್ಣನ ಮಗಳ ಮದುವೆ ಗೊತ್ತಾಯ್ತು. ಮದುವೆ ಹಿಂದಿನ ದಿನ ಬೆಳಗ್ಗೆ ಅಣ್ಣ ಹೇಳಿಕಳಿಸಿದ: "ಇನ್ನೂರು ಸೋಡಾ ಬೇಕು. ನಮ್ಮ ಹಾಲೇಶನದೇ ಆಗ್ಲಿ."

"ನಮ್ಮ ಹಾಲೇಶ ಅಂದ್ನಂತೆ ಕಣೇ!" ಅಂತ ಹಾಲೇಶಪ್ಪ ಹೆಂಡತಿ ಮುಂದೆ ಅತ್ತ. ಆಮೇಲೆ ಹೊಳೆ ನೋಡಿ ಇನ್ನೊಂದ್ಸಲ ಅತ್ತ. ಹೊಸ ನೀರು ಬಂದು ಹೊಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಬಾವಿ ನೀರು ಸವಳು. ಕೆಸರು ಸೋಡಾ ಕೊಟ್ರೆ, ಬೇಕಂತಲೇ ಕೊಟ್ಟ ಅಂತ ಅಣ್ಣ ಜನ್ಮದಲ್ಲಿ ಮುಖ ನೋಡಲ್ಲ.

ಹೆಂಡತಿ ಕೊಟ್ರಮ್ಮ ಪಟಿಕ ತಂದಳು. ಕ್ಷೌರ ಆದ್ಮೇಲೆ ಗಲ್ಲಕ್ಕೆ ತಿಕ್ತಾರಲ್ಲ, ಆ ಬಿಳಿ ಕಲ್ಲು. "ತೊಟ್ಟಿಗೆ ನೀರು ತುಂಬಿ ಇದನ್ನ ಹತ್ತು ಸುತ್ತು ಆಡಿಸಿ, ಬಿಟ್ಬಿಡಿ."

ಆಡಿಸಿದ. ಕಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟ್ಕೊಂಡವು. ಮೊದಲು ಹತ್ತಿ ಎಳೆಯಷ್ಟು, ಆಮೇಲೆ ಅವಲಕ್ಕಿಯಷ್ಟು ದಪ್ಪ ಆಗಿ ಮೆಲ್ಲಗೆ ಇಳಿಯೋಕೆ ಹತ್ತಿದವು.

"ಇಳೀತಿದೆ, ಇಳೀತಿದೆ!" ಅಂತ ಹಾಲೇಶಪ್ಪ ಅದಕ್ಕೆ ಸಹಾಯ ಆಗ್ಲಿ ಅಂತ ಕೈಹಾಕಿ ಕೆಳಗೆ ಒತ್ತಿದ. ಎಲ್ಲಾ ಒಡೆದು ಮತ್ತೆ ಚಹಾ.

ಎರಡನೇ ಸಲ ತಳದಲ್ಲಿ ಎಷ್ಟು ಕೂತಿದೆ ಅಂತ ಸೌಟು ಬಿಟ್ಟು ನೋಡಿದ. ಮತ್ತೆ ಚಹಾ. ಮೂರನೇ ಸಲ ಮುಟ್ಟಲೇಬಾರದು ಅಂತ ಕೈ ಹಿಂದೆ ಕಟ್ಕೊಂಡು ಬಗ್ಗಿ ನೋಡಿದ. ಕೈ ಹಿಂದೆ ಇದ್ದಿದ್ರಿಂದ ಹಿಡ್ಕೊಳ್ಳೋಕಾಗದೆ ತಾನೇ ಒಳಗೆ ಬಿದ್ದ.

ನೀರು ಚೆಲ್ಲಿ ಬೇರೆ ತುಂಬೋ ಹೊತ್ತಿಗೆ ಮಧ್ಯಾಹ್ನ. ಕೊಟ್ರಮ್ಮ ತಾನೇ ಪಟಿಕ ಆಡಿಸಿ ಪೊರಕೆ ಹಿಡ್ಕೊಂಡು ಕಾವಲು ಕೂತಳು. "ರೀ, ನೀವಿಲ್ಲಿದ್ರೆ ಇದು ತಿಳಿಯಾಗಲ್ಲ. ಮದುವೆ ಮನೆಗೆ ಹೋಗಿ. ಅಲ್ಲೂ ಬಾಯಿ ಬಿಡಬೇಡಿ. ಬದನೆಕಾಯಿ ಗಿದನೆಕಾಯಿ ಅಂದೀರ, ಹುಷಾರ್!"

ಚಪ್ಪರದ ಕೆಳಗೆ ಅಣ್ಣನ ಪಕ್ಕದ ಬೆಂಚಲ್ಲಿ ಹಾಲೇಶಪ್ಪ ಸುಮ್ಮನೆ ಕೂತ. ಈಗ ಶುರುಮಾಡ್ತಾನೆ, ಇನ್ನೇನು ಮಾಡ್ತಾನೆ ಅಂತ ಅಣ್ಣ ಕಾದ. ಒಂದು ತಾಸು ಆಯ್ತು.

"ಏನೋ, ಹುಷಾರಿಲ್ವಾ?"

"ಹುಷಾರಿದೀನಣ್ಣ."

ಅಣ್ಣ ಎಲೆ ಅಡಿಕೆ ತಟ್ಟೆ ಈ ಕಡೆ ಸರಿಸಿದ. ಇಬ್ಬರೂ ಅಗಿದರು. ಸ್ವಲ್ಪ ಹೊತ್ತಿಗೆ ಅಣ್ಣನೇ ಅಂದ, "ಅಪ್ಪ ಇರ್ಬೇಕಿತ್ತು ಕಣೋ ಇವತ್ತು."

ಬದನೆಕಾಯಿ ಅನ್ನೋ ಮಾತು ಹಾಲೇಶಪ್ಪನ ನಾಲಿಗೆ ತುದಿಗೆ ಬಂದಿತ್ತು. ಎಲೆ ಜೊತೆ ಅದನ್ನೂ ಅಗಿದು ನುಂಗಿದ. "ಹೂಂ ಅಣ್ಣ" ಅಂದ, ಅಷ್ಟೇ.

ಮೈಲಾರಪ್ಪ ಟವೆಲ್ಲಲ್ಲಿ ಕಣ್ಣೊರೆಸ್ಕೊಂಡ. "ನಾಳೆ ಹೆಣ್ಣು ಒಪ್ಪಿಸುವಾಗ ನನ್ನ ಪಕ್ಕ ನಿಂತ್ಕೊಳೋ. ಒಬ್ಬನಿಗೇ ಆಗಲ್ಲ."

ಸಂಜೆ ಮನೆಗೆ ಬಂದ್ರೆ ತೊಟ್ಟಿ ತಳದ ಬಿರುಕು ಕಾಣೋಷ್ಟು ನೀರು ತಿಳಿಯಾಗಿತ್ತು. ಕೊಟ್ರಮ್ಮ ಇನ್ನೂ ಪೊರಕೆ ಬಿಟ್ಟಿರಲಿಲ್ಲ.

ಮಾರನೇ ದಿನ ಹೆಣ್ಣು ಒಪ್ಪಿಸುವಾಗ ಅಣ್ಣ ತಮ್ಮ ಒಟ್ಟಿಗೆ ನಿಂತು ಅತ್ತರು, ಹುಡುಗಿಗಿಂತ ಜಾಸ್ತಿ. ಮೂರು ವರ್ಷದ ಬಾಕಿ ಅದು ಅಂತ ಬೀಗರಿಗೆ ಏನು ಗೊತ್ತು? ಪಾಪ ಅಂತ ಇಬ್ಬರಿಗೂ ಒಂದೊಂದು ಸೋಡಾ ಒಡೆದು ಕೊಟ್ಟು ಸಮಾಧಾನ ಮಾಡಿದರು.

ನೀತಿ: ಒಂದಕ್ಕೊಂದು ಕೂಡೋ ಗುಣ ಮಣ್ಣಿನ ಕಣಕ್ಕೂ ಇದೆ, ಮನುಷ್ಯರಿಗೂ ಇದೆ. ನಾವು ಮಾಡಬೇಕಾದ್ದು ಹತ್ತು ಸುತ್ತಿನಷ್ಟು ಮಾತ್ರ. ಆಮೇಲೆ ಕೈ ತೆಗೆದು ದೂರ ನಿಲ್ಲಬೇಕು. ಕೂಡ್ತಾ ಇದೆಯಾ ಅಂತ ಕದಡಿ ನೋಡಿದ್ರೆ, ಕೂಡಿದ್ದೂ ಒಡೆಯುತ್ತೆ.