ಗಾಣದ ಎತ್ತು ಮತ್ತು ಬೆಳ್ಳಕ್ಕಿ

ಹನ್ನೆರಡು ವರ್ಷ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಣ ಸುತ್ತಿದ ಎತ್ತೊಂದಿತ್ತು. ಗಾಣ ಮುರಿದಾಗ ಗಾಣಿಗರ ಮಲ್ಲೇಶಿ ಆ ಬಟ್ಟೆ ಬಿಚ್ಚಿ ಎತ್ತನ್ನು ಬಯಲಿಗೆ ಬಿಟ್ಟ. ಕಣ್ಣೆದುರಿಗೇ ಕೆರೆಯಿತ್ತು. ಆದರೂ ಎತ್ತು ನಿಂತಲ್ಲೇ ಸುತ್ತತೊಡಗಿತು.

"ಮಳೆಗಾಲ ಮುಗಿಯುವವರೆಗೆ ನೀರು ಹೊತ್ತು ತಂದು ಕುಡಿಸುತ್ತೇನೆ. ಆಮೇಲೂ ಹೀಗೇ ಸುತ್ತುತ್ತಿದ್ದರೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡುತ್ತೇನೆ," ಎಂದ ಮಲ್ಲೇಶಿ.

ಇದನ್ನು ಕೇಳಿದ ಎತ್ತು ಕೆರೆಯನ್ನೇ ದಿಟ್ಟಿಸಿ, ಕತ್ತು ಸೆಟೆಸಿ, 'ತಿರುಗಬಾರದು, ತಿರುಗಬಾರದು' ಎಂದು ಜಪಿಸುತ್ತ ಹೊರಟಿತು. ಹತ್ತು ಹೆಜ್ಜೆ ಇಡುವುದರೊಳಗೆ ಕಾಲು ತಾನಾಗಿ ಎಡಕ್ಕೆ ಹೊರಳಿತು. ದಿನವೂ ಇದೇ ಪಾಡು. ತುಳಿದು ತುಳಿದು ಸುತ್ತಿನ ಜಾಡು ಇನ್ನಷ್ಟು ಆಳಕ್ಕಿಳಿಯಿತು.

ಬೆನ್ನ ಮೇಲೆ ಕೂತಿದ್ದ ಬೆಳ್ಳಕ್ಕಿ ಹೇಳಿತು: "ಜಾಡಿನ ಜೊತೆ ಗುದ್ದಾಡಬೇಡ. ಹಸಿವಾಗಿದೆಯಲ್ಲ, ಹುಲ್ಲು ಎಲ್ಲಿ ಎಳೆಯದೋ ಅಲ್ಲಿ ಬಾಯಿ ಹಾಕು."

"ಹಾಗಾದರೆ ಕೆರೆ?"

"ಅದನ್ನು ಹುಲ್ಲಿಗೆ ಬಿಡು."

ಎತ್ತು ಬಗ್ಗಿ ಮೇಯತೊಡಗಿತು. ಮೊದಲ ದಿನ ಒಂದು ಮಾರು ಆಚೆ ಸರಿಯಿತು. ಮರುದಿನ ಮರೆತು ಮತ್ತೆ ಸುತ್ತಿತು, ಹಸಿವಾದಾಗ ಮತ್ತೆ ಮೇಯಿತು. ನೀರಿನ ಕಡೆಗೆ ಹೋದಷ್ಟೂ ಹುಲ್ಲು ಎಳೆಯದಾಗುತ್ತಿತ್ತು. ಮಳೆ ಹಿಂದೆಗೆಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಮೇಯುತ್ತಿದ್ದ ಮೂತಿಗೆ ತಣ್ಣಗೆ ನೀರು ತಗುಲಿತು.

ಹೊಟ್ಟೆ ತುಂಬ ಕುಡಿದು ಹಿಂದಿರುಗಿ ನೋಡಿದರೆ ಜಾಡೇ ಇಲ್ಲ.

"ಯಾರು ಅಳಿಸಿದರು?" ಎಂದು ಕೇಳಿತು ಎತ್ತು.

"ಯಾರೂ ಅಳಿಸಲಿಲ್ಲ. ನೀನು ತುಳಿಯಲಿಲ್ಲ, ಅಷ್ಟೆ," ಎಂದಿತು ಬೆಳ್ಳಕ್ಕಿ.

ಸಂಜೆ ಎತ್ತು ವಾಪಸು ಬಂದು, ಜಾಡಿನ ಮೇಲೆ ಬೆಳೆದಿದ್ದ ಹುಲ್ಲನ್ನೂ ಮೇಯ್ದು ಮಲಗಿತು.