ಹರಿವಾಣದ ಮೇಲಿನ ಜಿಂಕೆಗಳು

ಚನ್ನವೀರನೆಂಬ ಶಿಷ್ಯ ಕೇಳಿದ: “ಗುರುಗಳೇ, ನನ್ನ ತಂಗಿ ಗಂಡನ ಮನೆಯಿಂದ ಬಂದವಳು ಮಾತನ್ನೇ ಬಿಟ್ಟಿದ್ದಾಳೆ. ಏನಾಯಿತೆಂದು ದಿನವೂ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ. ಏನೂ ಇಲ್ಲ ಅಣ್ಣ ಎನ್ನುತ್ತಾಳೆ. ಇನ್ನು ಹೇಗೆ ಕೇಳಿದರೆ ಅವಳ ಮನಸ್ಸು ತಿಳಿದೀತು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ಬೆಳ್ಳಿಯಾಗಲಿ ಹಿತ್ತಾಳೆಯಾಗಲಿ, ಅವನ ಉಳಿ ಮುಟ್ಟಿದರೆ ಅದರ ಮೇಲೆ ಬಳ್ಳಿ ಹಬ್ಬುತ್ತಿತ್ತು. ಹೆಂಡತಿ ತೀರಿಹೋಗಿದ್ದಳು, ಮಗಳೊಬ್ಬಳೇ ಜೊತೆಗಿದ್ದಳು. ಒಂದು ವರ್ಷ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಹೋಯಿತು.

ಅಂದಿನಿಂದ ಅವನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ. ನೋಡಲು ಬಂದವರೆಲ್ಲ ಕೈ ಹೇಗಿದೆ ಎಂದು ಕೇಳುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬೇಡವೆನ್ನುತ್ತಿದ್ದ. ಕೈ ಹೋದ ದಾರಿಯಲ್ಲೇ ಅಪ್ಪನೂ ಹೋಗುತ್ತಿದ್ದಾನೆ ಎಂದು ಮಗಳಿಗೆ ಭಯವಾಯಿತು.

ದೂರದ ಪಟ್ಟಣದ ಒಂದು ಕರಕುಶಲ ಶಾಲೆಯವರು ಕೆತ್ತನೆ ಕಲಿಸುವವರನ್ನು ಹುಡುಕುತ್ತಿದ್ದಾರೆಂಬ ಸುದ್ದಿ ಅವಳ ಕಿವಿಗೆ ಬಿತ್ತು. ಅವಳು ಫೋನು ಮಾಡಿ, ಅಪ್ಪನ ಸ್ಥಿತಿಯನ್ನು ಮುಚ್ಚಿಡದೆ ಹೇಳಿದಳು. ಅವರು, “ಕೈಯ ವಿಚಾರ ಆಮೇಲೆ ನೋಡೋಣ. ಮೊದಲು ಅವರ ಕೆಲಸದ ಫೋಟೊ ಕಳಿಸಿ” ಎಂದರು.

ಅವನು ಮಾಡಿದ್ದೆಲ್ಲ ಯಾರು ಯಾರದೋ ಮನೆ ಸೇರಿತ್ತು. ಊರಲ್ಲಿ ಉಳಿದದ್ದು ಗುಡಿಯ ಬೆಳ್ಳಿ ಹರಿವಾಣ ಒಂದೇ. ಅದರ ತುಂಬ ಕಾಡು, ಕಾಡಿನ ತುಂಬ ಜಿಂಕೆಗಳು. ಮಗಳು ಪೂಜಾರಿಯನ್ನು ಬೇಡಿಕೊಂಡಳು. ಸಂಜೆಯ ಪೂಜೆಯೊಳಗೆ ತಂದುಬಿಡಮ್ಮ ಎಂದು ಅವರು ಕೊಟ್ಟರು.

ಅವಳು ಹರಿವಾಣವನ್ನು ಅಂಗಳದ ಬಿಸಿಲಿಗಿಟ್ಟು ಫೋನಿನಲ್ಲಿ ಚಿತ್ರ ತೆಗೆದಳು. ಬರೀ ಹೊಳಪು ಬಂತು. ಒಳಗೆ ತಂದು ಫೋನಿನ ದೀಪ ಹಾಕಿ ತೆಗೆದಳು. ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಅವಳದೇ ಮುಖ. ಎಷ್ಟು ಬೆಳಕು ಹಾಕಿದರೂ ಬೆಳ್ಳಿ ಅಷ್ಟನ್ನೂ ತಿರುಗಿಸಿ ಎಸೆಯುತ್ತಿತ್ತು. ಒಂದು ಗೆರೆಯೂ ಕಾಣಲಿಲ್ಲ.

ಚಿತ್ರವನ್ನು ಅಪ್ಪನಿಗೆ ತೋರಿಸಿದಳು. ಅವನು ನೋಡಿ, “ಇದರಲ್ಲಿ ಏನೂ ಇಲ್ಲವಲ್ಲ. ಮೊದಲೂ ಇರಲಿಲ್ಲವೇನೋ, ಬಿಡು” ಎಂದು ಮತ್ತೆ ಗೋಡೆಯ ಕಡೆ ತಿರುಗಿದ.

ಮಗಳು ಅಡುಗೆಮನೆಗೆ ಹೋಗಿ ಅತ್ತಳು. ಮುಖ ತೊಳೆದು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು. ಕೈಯ ಮಾತೆತ್ತಲಿಲ್ಲ, ಫೋಟೊದ ಮಾತೂ ಎತ್ತಲಿಲ್ಲ.

“ಅಪ್ಪ, ಇದನ್ನು ಕೆತ್ತುವಾಗ ದೀಪ ಎಲ್ಲಿಟ್ಟುಕೊಳ್ಳುತ್ತಿದ್ದೆ?”

ಅವನು ಗೋಡೆಯ ಕಡೆ ಮುಖವಿಟ್ಟೇ, “ಎಡಕ್ಕೆ. ತಗ್ಗಿನಲ್ಲಿ” ಎಂದ.

ಅವಳು ಕಿಟಕಿ ಮುಚ್ಚಿದಳು. ಹರಿವಾಣವನ್ನು ನೆಲದ ಮೇಲಿಟ್ಟು, ಓದುವ ದೀಪವನ್ನು ಅದರ ಎಡಕ್ಕಿಟ್ಟಳು. ಅಪ್ಪ ಕತ್ತು ಹೊರಳಿಸಿ ನೋಡಿದ. ಅವನಿಗೆ ತಡೆಯಲಾಗಲಿಲ್ಲ.

“ಇನ್ನೂ ತಗ್ಗಿಸು. ಬೆಳಕು ಮೇಲಿಂದ ಬೀಳಬಾರದು ಮಗಳೇ, ತೆವಳಬೇಕು.”

ಅವನು ಎದ್ದು ಕುಳಿತ. ದೀಪಕ್ಕೆ ತೆಳು ಪಂಚೆಯ ತುಂಡು ಹೊದಿಸಲು ಹೇಳಿದ. ಬೆಳ್ಳಿಗೆ ನಿನ್ನ ಮುಖ ಕಾಣಬಾರದು, ಕಪ್ಪು ಕಾಣಬೇಕು ಎಂದ. ಅವಳು ಕರಿಕಂಬಳಿಯನ್ನು ಎರಡು ಕುರ್ಚಿಗಳ ನಡುವೆ ಹರಿವಾಣದ ಮೇಲೆ ಚಪ್ಪರದಂತೆ ಹರಡಿ, ಅದರ ಸಂದಿನಲ್ಲಿ ಫೋನು ಹಿಡಿದಳು.

ಹರಿವಾಣ ಕಪ್ಪಾಯಿತು, ಗೆರೆಗಳು ಬೆಳಗಿದವು. ಎಲೆಗಳು ಮೂಡಿದವು. ಜಿಂಕೆಗಳು ಒಂದೊಂದಾಗಿ ಎದ್ದು ನಿಂತವು.

ಅವನು ಫೋನನ್ನು ಎಡಗೈಯಲ್ಲಿ ಹಿಡಿದು ನೋಡಿದ. “ಪೊದೆಯ ಹಿಂದೆ ಒಂದು ಮರಿ ಇದೆ, ಕಂಡೆಯಾ? ನೀನು ಹುಟ್ಟಿದ ವಾರ ಕೆತ್ತಿದ್ದು” ಎಂದ. ಆಮೇಲೆ ಮಾತು ನಿಲ್ಲಲಿಲ್ಲ. ಯಾವ ಕೊಂಬಿಗೆ ಯಾವ ಉಳಿ, ಎಲ್ಲಿ ಕೈ ಜಾರಿತು, ಜಾರಿದ ಗೆರೆಯನ್ನು ಹೇಗೆ ಹುಲ್ಲು ಮಾಡಿದ, ಎಲ್ಲವನ್ನೂ ಹೇಳಿದ. ಮಗಳು ಕೇಳುತ್ತ ಕುಳಿತು, ಕೊನೆಗೆ ಗುಡಿಯ ಗಂಟೆ ಬಾರಿಸುವ ಹೊತ್ತಿಗೆ ಹರಿವಾಣ ಹಿಡಿದು ಓಡಿದಳು.

ಚಿತ್ರ ನೋಡಿದ ಶಾಲೆಯವರು ಫೋನು ಮಾಡಿ, “ಕೆತ್ತಲು ಇಲ್ಲಿ ಹುಡುಗರ ಕೈಗಳಿವೆ. ನಿಮ್ಮ ತಂದೆ ಹೇಳಿಕೊಡಬಲ್ಲರೇ?” ಎಂದು ಕೇಳಿದರು.

“ಹೇಳಿಕೊಡುತ್ತಾರೆ. ನನಗೇ ಹೇಳಿಕೊಟ್ಟಿದ್ದಾರೆ” ಎಂದಳು ಮಗಳು.

“ಹಾಗಾದರೆ ಕರೆದುಕೊಂಡು ಬನ್ನಿ.”

ಅವಳು ಹೊಸಿಲ ಮೇಲೆ ಕುಳಿತುಬಿಟ್ಟಳು. ಒಳಗಿನಿಂದ ಅಪ್ಪ, “ಅಡುಗೆ ಏನು ಮಾಡಿದ್ದೀಯಮ್ಮ? ಹಸಿವಾಗುತ್ತಿದೆ” ಎಂದು ಕೂಗಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, “ಹಾಗಾದರೆ ನಾನು ತಂಗಿಯನ್ನು ಏನೆಂದು ಕೇಳಲಿ?” ಎಂದ.

“ಏನೂ ಕೇಳಬೇಡ, ಮನೆಗೆ ಹೋಗಿ, ಎದುರಿಗಲ್ಲ, ಅವಳ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿ” ಎಂದರು ಗುರುಗಳು.

ಚನ್ನವೀರ ಎದ್ದು ಮನೆಯ ದಾರಿ ಹಿಡಿದ.